ಟಾರ್ಟನ್ ಬಟ್ಟೆಯೂ ಕುಲದ ಹೆಮ್ಮೆಯೂ

ಒಂದು ಚೌಕಳಿ ಬಟ್ಟೆಯ ವಿಷಯದಲ್ಲಿ ಇಷ್ಟು ವಾದವೇತಕ್ಕೆ ಎಂದು ವಾಚಕರು ಕೇಳಬಹುದು. ವಾದವು ಬಟ್ಟೆಯೊಂದನ್ನೇ ಕುರಿತದ್ದಾಗಿದ್ದರೆ ಅದನ್ನು ಜವಳಿ ವರ್ತಕರಿಗೆ ಬಿಟ್ಟು ನಾವು ಸುಮ್ಮನಿರಬಹುದಾಗಿತ್ತು. ಆದರೆ ಒಂದು ಜನಾಂಗದ ಪೂರ್ವಾಚಾರವೆಂಬುದು ಹೇಗೆ ಹುಟ್ಟುತ್ತದೆ, ಅದರ ಕೀರ್ತಿಯು ಯಾರಿಗೆ ಸಲ್ಲುತ್ತದೆ, ಅದರ ಕಷ್ಟವು ಯಾರ ಪಾಲಿಗೆ ಬೀಳುತ್ತದೆ ಎಂಬ ಪ್ರಶ್ನೆಗಳಿಗೆ ಸ್ಕಾಟ್ಲಂಡಿನ ಟಾರ್ಟನ್ ಎಂಬ ಉಣ್ಣೆಬಟ್ಟೆಯಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ವಸ್ತುಗಳು ವಿರಳ. ಶಾಲೆಯ ಮಕ್ಕಳ ಸಮವಸ್ತ್ರದಲ್ಲಿಯೂ, ಚಳಿಗಾಲದ ಮಫ್ಲರಿನಲ್ಲಿಯೂ, ಸೈನ್ಯದ ಪೈಪುವಾದ್ಯದವರ ಉಡುಪಿನಲ್ಲಿಯೂ ಇದರ ವಿನ್ಯಾಸವನ್ನು ನಮ್ಮವರು ಪ್ರತಿದಿನವೂ ಕಾಣುತ್ತಿರುವುದರಿಂದ ಇದು ನಮಗೆ ಕೇವಲ ಪರದೇಶದ ಸುದ್ದಿಯೂ ಅಲ್ಲ.

ಈ ಬಟ್ಟೆಯ ವಿಷಯವಾಗಿ ವಿದ್ಯಾವಂತರಲ್ಲಿ ಎರಡು ಪಕ್ಷಗಳುಂಟು. ಮೊದಲನೆಯ ಪಕ್ಷದವರು ಹೇಳುವುದೇನೆಂದರೆ: ಸ್ಕಾಟ್ಲಂಡಿನ ಹೈಲೆಂಡ್ಸ್ ಎಂಬ ಮಲೆನಾಡಿನಲ್ಲಿ ಒಂದೊಂದು ಕುಲಕ್ಕೂ ಅನಾದಿಕಾಲದಿಂದ ಒಂದೊಂದು ಬಣ್ಣದ ವಿನ್ಯಾಸವು ಗೊತ್ತಾಗಿದ್ದಿತು; ರಣರಂಗದಲ್ಲಿ ಯೋಧರು ಬಟ್ಟೆಯನ್ನು ನೋಡಿಯೇ ತಮ್ಮವರು ಯಾರು, ಪರರು ಯಾರು ಎಂದು ಗುರುತಿಸುತ್ತಿದ್ದರು; ಒಂದು ಕುಲದ ಟಾರ್ಟನನ್ನು ಮತ್ತೊಂದು ಕುಲದವನು ಉಡುವುದು ಅಪರಾಧ. ಅಂಗಡಿಯ ಚೀಟಿಗಳೂ ಪ್ರವಾಸಿಗಳ ಕೈಪಿಡಿಗಳೂ ಚಲಚ್ಚಿತ್ರಗಳೂ ಇದನ್ನೇ ಸಾರುತ್ತಿವೆ. ಎರಡನೆಯ ಪಕ್ಷದವರು ಸ್ವಲ್ಪ ಓದಿದವರು. ಅವರು ನಕ್ಕು, ಇದೆಲ್ಲವೂ ಹತ್ತೊಂಬತ್ತನೆಯ ಶತಮಾನದ ವರ್ತಕರೂ ಕವಿಗಳೂ ಕೂಡಿ ಕಟ್ಟಿದ ಕಟ್ಟುಕಥೆ, ಇದರಲ್ಲಿ ಹಳೆಯದೆಂಬುದು ಎಳ್ಳಷ್ಟೂ ಇಲ್ಲ ಎನ್ನುವರು. ಮೊದಲನೆಯವರದು ಪರೀಕ್ಷೆಯಿಲ್ಲದ ಭಕ್ತಿ. ಎರಡನೆಯವರದು ಅರ್ಧ ಪರೀಕ್ಷೆಯ ಅಹಂಕಾರ. ಬಟ್ಟೆ ಹಳೆಯದು, ಕುಲದ ಹೆಸರು ಹೊಸದು. ಈ ಎರಡನ್ನೂ ಬೇರೆಬೇರೆಯಾಗಿ ವಿಚಾರಿಸದಿರುವುದೇ ಇಬ್ಬರ ದೋಷಕ್ಕೂ ಮೂಲ. ಇದು ನಮ್ಮ ಪಕ್ಷ. ಇದಕ್ಕೆ ಆಧಾರಗಳನ್ನು ಮುಂದಿಡುತ್ತೇವೆ.

ಮೊದಲು ಟಾರ್ಟನ್ ಎಂದರೇನೆಂಬುದನ್ನು ತಿಳಿದುಕೊಳ್ಳಬೇಕು. ಹಾಸಿನಲ್ಲಿ ಯಾವ ಬಣ್ಣದ ಎಳೆಗಳು ಯಾವ ಕ್ರಮದಲ್ಲಿ ಎಷ್ಟೆಷ್ಟು ಬರುವುವೋ ಹೊಕ್ಕಿನಲ್ಲಿಯೂ ಅದೇ ಕ್ರಮದಲ್ಲಿ ಅಷ್ಟಷ್ಟೇ ಬರುವುದು ಇದರ ಸಾಮಾನ್ಯ ಲಕ್ಷಣ. ನೇಯ್ಗೆಯು ಎರಡೆಳೆಯ ಮೇಲೆ, ಎರಡೆಳೆಯ ಕೆಳಗೆ ಹಾಯ್ದು, ಸಾಲುಸಾಲಿಗೆ ಒಂದೆಳೆ ಸರಿಯುವ ಓರೆನೇಯ್ಗೆ. ಕೆಂಪು ಹಾಸಿನ ಮೇಲೆ ಕೆಂಪು ಹೊಕ್ಕು ಬಿದ್ದಲ್ಲಿ ಅಚ್ಚ ಕೆಂಪು. ಹಸುರು ಬಿದ್ದಲ್ಲಿ ಎರಡರ ಮಿಶ್ರಣ. ಆದಕಾರಣ ಎರಡು ಬಣ್ಣದ ನೂಲಿನಿಂದ ಮೂರು ಛಾಯೆಗಳೂ, ಆರು ಬಣ್ಣದ ನೂಲಿನಿಂದ ಇಪ್ಪತ್ತೊಂದು ಛಾಯೆಗಳೂ ಉಂಟಾಗುವುವು. ಎಳೆಗಳ ಈ ಕ್ರಮಕ್ಕೆ ಅಲ್ಲಿಯವರು ಸೆಟ್ ಎನ್ನುವರು. ಬಹುಪಾಲು ಸೆಟ್ಟುಗಳು ಒಂದು ಎಡೆಯವರೆಗೆ ನಡೆದು, ಅಲ್ಲಿಂದ ಹಿಂದಿರುಗಿ, ಬಂದ ದಾರಿಯಲ್ಲಿಯೇ ನಡೆಯುತ್ತವೆ. ನಮ್ಮ ಚಿತ್ರಕವಿಗಳ ಗತಪ್ರತ್ಯಾಗತವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ಅಕ್ಷರಗಳು ಮಾಡುವ ಕೆಲಸವನ್ನು ಇಲ್ಲಿ ಎಳೆಗಳು ಮಾಡುತ್ತವೆ. ಒಂದು ಟಾರ್ಟನಿನ ಗುರುತೆಲ್ಲವೂ ಈ ಎಣಿಕೆಯಲ್ಲಿ ಅಡಗಿದೆ. ಹಸುರು ತುಸು ತಿಳಿಯಾದರೂ ನೀಲಿ ತುಸು ಕಪ್ಪಾದರೂ ಎಳೆಗಳ ಪ್ರಮಾಣ ಕೆಡದಿದ್ದರೆ ಅದು ಅದೇ ಟಾರ್ಟನ್. ಇದು ಲೆಕ್ಕ ಬಲ್ಲ ನೇಕಾರರ ವಿದ್ಯೆ. ರಾಜರೂ ಕವಿಗಳೂ ಇದಕ್ಕೆ ಬಹಳ ಹಿಂದಿನಿಂದ ಬಂದು ಸೇರಿದವರು.

ಈಗ ಎಲ್ಲವೂ ಕಟ್ಟುಕಥೆಯೆನ್ನುವವರ ಮಾತನ್ನು ವಿಚಾರಿಸೋಣ. ಫಾಲ್ಕರ್ಕ್ ಎಂಬ ಊರಿನಲ್ಲಿ, ರೋಮನರು ಕಟ್ಟಿಸಿದ ಆಂಟೊನೈನ್ ಗೋಡೆಯ ಸಮೀಪದಲ್ಲಿ, ಸುಮಾರು ಎರಡು ಸಾವಿರ ಬೆಳ್ಳಿಯ ನಾಣ್ಯಗಳಿದ್ದ ನಿಧಿಯೊಂದು ೧೯೩೩ರಲ್ಲಿ ಸಿಕ್ಕಿತು. ಅದರೊಂದಿಗಿದ್ದ ಬಟ್ಟೆಯ ಚೂರೊಂದು ಬಣ್ಣ ಹಾಕದ ಉಣ್ಣೆಯ ಎರಡು ಸಹಜ ಛಾಯೆಗಳಿಂದ ನೆಯ್ದ ಚೌಕಳಿ. ಕಾಲ ಕ್ರಿಸ್ತಶಕ ಮೂರನೆಯ ಶತಮಾನ. ಇದನ್ನು ಇಂದಿನ ಟಾರ್ಟನಿಗೆ ನೇರವಾದ ಪೂರ್ವಜನೆಂದು ಹೇಳುವುದು ಅತಿಶಯೋಕ್ತಿಯಾದೀತು. ಚೌಕಳಿಯ ಓರೆನೇಯ್ಗೆಯು ಆಸ್ಟ್ರಿಯಾದ ಹಾಲ್‌ಸ್ಟಾಟ್ ಉಪ್ಪಿನ ಗಣಿಗಳಲ್ಲಿಯೂ ಮಧ್ಯ ಏಷ್ಯದ ತಾರಿಮ್ ಬಯಲಿನ ಸಮಾಧಿಗಳಲ್ಲಿಯೂ ಇನ್ನೂ ಹಿಂದಿನ ಕಾಲದ್ದು ದೊರೆತಿರುವುದು. ಆದರೆ ಗ್ಲೆನ್ ಆಫ್ರಿಕ್ ಎಂಬ ಕಣಿವೆಯ ಕೊಳೆಮಣ್ಣಿನ ಜೌಗಿನಲ್ಲಿ ಸುಮಾರು ನಲವತ್ತು ವರ್ಷಗಳ ಹಿಂದೆ ಸಿಕ್ಕ ತುಂಡಿನ ವಿಷಯ ಹಾಗಲ್ಲ. ಅದರಲ್ಲಿ ಹಸುರು ಮೊದಲಾದ ಬಣ್ಣಗಳುಂಟು. ಇಂಗಾಲದ ಪರೀಕ್ಷೆಯಿಂದ ಅದು ಬಹುಶಃ ೧೫೦೦ರಿಂದ ೧೬೦೦ರೊಳಗೆ ನೆಯ್ದದ್ದೆಂದು ತಿಳಿದುಬಂದು, ೨೦೨೩ರಲ್ಲಿ ಡಂಡಿ ನಗರದ ವಸ್ತುಪ್ರದರ್ಶನದಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ೧೫೩೮ರಲ್ಲಿ ಐದನೆಯ ಜೇಮ್ಸ್ ಅರಸನಿಗಾಗಿ ಮಲೆನಾಡಿನ ಟಾರ್ಟನನ್ನು ಕೊಂಡ ಲೆಕ್ಕವು ಅವನ ಭಂಡಾರದ ಕಡತದಲ್ಲಿದೆ. ಇಷ್ಟು ಸಾಕ್ಷ್ಯಗಳಿರುವಾಗ ಎಲ್ಲವೂ ಕಟ್ಟುಕಥೆಯೆನ್ನುವುದು ಹೇಗೆ ಸಾಧು? ೧೯೮೩ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಬಂಧದಲ್ಲಿ ಕುಲದ ಟಾರ್ಟನ್ನುಗಳ ಪ್ರಾಚೀನತೆಯನ್ನು ಖಂಡಿಸಿದ ಇತಿಹಾಸಕಾರ ಹ್ಯೂ ಟ್ರೆವರ್-ರೋಪರನೇ ಬಟ್ಟೆಯು ಹದಿನಾರನೆಯ ಶತಮಾನದಲ್ಲಿ ಅಲ್ಲಿ ಬಳಕೆಯಲ್ಲಿದ್ದಿತೆಂಬುದನ್ನು ಒಪ್ಪುತ್ತಾನೆ. ಅವನ ಹೆಸರನ್ನು ಹಿಡಿದು ವಾದಿಸುವವರು ಅವನಿಗಿಂತಲೂ ಮುಂದೆ ಹೋಗಿರುವರು.

ಇನ್ನು ಕುಲದ ಪಕ್ಷವನ್ನು ಪರೀಕ್ಷಿಸೋಣ. ಅವರ ಮುಖ್ಯ ಆಧಾರ ಮಾರ್ಟಿನ್ ಮಾರ್ಟಿನ್ ಎಂಬಾತನು ಪಶ್ಚಿಮದ ದ್ವೀಪಗಳನ್ನು ಕುರಿತು ೧೭೦೩ರಲ್ಲಿ ಪ್ರಕಟಿಸಿದ ಗ್ರಂಥ. ಈತನು ಆ ನಾಡಿನವನೇ, ಕಂಡದ್ದನ್ನು ಬರೆದವನು. ಒಂದೊಂದು ದ್ವೀಪದಲ್ಲಿಯೂ ಪಟ್ಟೆಗಳ ಅಗಲ, ಬಣ್ಣ ಬೇರೆಬೇರೆಯಾಗಿರುವುದರಿಂದ ಹೊದಿಕೆಯನ್ನು ನೋಡಿ ಮನುಷ್ಯನ ವಾಸಸ್ಥಳವನ್ನು ಊಹಿಸಬಹುದೆಂದು ಅವನು ಹೇಳಿರುವನು. ಹೆಂಗಸರು ಒಂದು ಮರದ ತುಂಡಿನ ಮೇಲೆ ಪಟ್ಟೆಪಟ್ಟೆಗೂ ಎಳೆಗಳ ಸಂಖ್ಯೆಯನ್ನು ಗುರುತುಮಾಡಿ ಮಾದರಿಯನ್ನು ಕಾಪಾಡುತ್ತಿದ್ದರೆಂಬುದನ್ನೂ ತಿಳಿಸಿರುವನು. ವಾಚಕರು ಗಮನಿಸಬೇಕು: ಅವನು ಹೇಳುವುದು ವಾಸಸ್ಥಳವನ್ನು, ಕುಲವನ್ನಲ್ಲ. ಒಂದು ಸೀಮೆಯ ನೇಕಾರನ ಕೈವಾಡ, ಅಲ್ಲಿ ಸಿಕ್ಕುವ ಬಣ್ಣದ ಸಾಮಗ್ರಿ, ಅಲ್ಲಿಯ ಹೆಂಗಸರ ಅಭಿರುಚಿ ಇವುಗಳಿಂದ ಆ ಸೀಮೆಗೆ ಒಂದು ರೀತಿಯು ಬಂದಿತು. ಒಂದು ಸೀಮೆಯಲ್ಲಿ ಒಂದೇ ಕುಲದವರು ಹೆಚ್ಚಾಗಿದ್ದರೆ ಅವರು ಒಂದೇ ಬಗೆಯ ಬಟ್ಟೆಯನ್ನು ಉಟ್ಟಿರಬಹುದು. ಅಷ್ಟರಿಂದ ಅದು ಕುಲದ ಲಾಂಛನವಾಗದು.

ಇಲ್ಲಿ ಪ್ರತಿಪಕ್ಷದವರ ಬಲವಾದ ಆಧಾರವೊಂದನ್ನು ಮರೆಮಾಡುವುದು ನ್ಯಾಯವಲ್ಲ. ೧೭೦೪ರಲ್ಲಿ ಗ್ರಾಂಟ್ ಕುಲದ ನಾಯಕನು, ತನ್ನ ಆಳುಗಳು ಕೆಂಪು ಹಸುರಿನ ಟಾರ್ಟನ್ ಉಡುಪಿನಲ್ಲಿ ಸಿದ್ಧರಾಗಿರಬೇಕೆಂದು ಆಜ್ಞೆ ಹೊರಡಿಸಿದನು. ಇದು ಸಮವಸ್ತ್ರದ ಆಲೋಚನೆಯೆಂಬುದನ್ನು ಒಪ್ಪತಕ್ಕದ್ದೇ. ಆದರೆ ರಿಚರ್ಡ್ ವೇಯ್ಟ್ ಎಂಬ ಚಿತ್ರಕಾರನು ೧೭೧೪ರ ಸುಮಾರಿನಲ್ಲಿ ಅದೇ ಗ್ರಾಂಟ್ ಮನೆತನದವರನ್ನೂ ಅವರ ಪರಿವಾರವನ್ನೂ ಚಿತ್ರಿಸಿದಾಗ ಅವರು ಉಟ್ಟದ್ದು ಒಬ್ಬೊಬ್ಬರು ಒಂದೊಂದು ಬಗೆಯದು. ಇಂದು ಗ್ರಾಂಟ್ ಟಾರ್ಟನ್ ಎಂದು ಮಾರುವ ಬಟ್ಟೆಯು ಅವುಗಳಲ್ಲಿ ಯಾವುದೂ ಅಲ್ಲ. ಹತ್ತು ವರ್ಷಗಳ ಹಿಂದಿನ ಆಜ್ಞೆಯು ನಾಯಕನ ಮನೆಯೊಳಗೇ ನಿಲ್ಲಲಿಲ್ಲವೆಂದ ಮೇಲೆ ಅದನ್ನು ಅನಾದಿಯ ಆಚಾರವೆನ್ನುವುದು ಹೇಗೆ? ೧೭೪೫ರ ದಂಗೆಯನ್ನು ಕುರಿತು ಡೇವಿಡ್ ಮೋರಿಯೇ ಬರೆದ ಚಿತ್ರದಲ್ಲಿ ಒಬ್ಬೊಬ್ಬ ಯೋಧನ ಮೈಮೇಲೆಯೇ ಅಂಗಿಗೊಂದು, ಹೊದಿಕೆಗೊಂದು, ಕಾಲುಚೀಲಕ್ಕೊಂದು ಎಂಬಂತೆ ಬೇರೆಬೇರೆ ಟಾರ್ಟನ್ನುಗಳಿವೆ. ಆ ದಂಗೆಯಲ್ಲಿ ಸ್ಟುವರ್ಟ್ ರಾಜಕುಮಾರನ ಪಕ್ಷದವರಿಗೆ ಟೋಪಿಯ ಮೇಲಿನ ಬಿಳಿಯ ಪಟ್ಟಿಯ ಹೂವೇ ಗುರುತಾಗಿದ್ದಿತು. ಬಟ್ಟೆಯಿಂದಲೇ ತಮ್ಮವರು ತಿಳಿಯುತ್ತಿದ್ದ ಪಕ್ಷದಲ್ಲಿ ಈ ಹೂವೇತಕ್ಕೆ?

ಕಲ್ಲೋಡನ್ ಎಂಬಲ್ಲಿ ೧೭೪೬ನೆಯ ಏಪ್ರಿಲ್ ೧೬ರಂದು ಆ ಪಕ್ಷವು ಮುರಿಯಿತು. ಅದೇ ವರ್ಷ ಆಂಗ್ಲ ಸರಕಾರವು ಮಲೆನಾಡಿನ ಗಂಡಸರೂ ಹುಡುಗರೂ ತಮ್ಮ ನಾಡಿನ ಉಡುಪನ್ನು ಧರಿಸಬಾರದೆಂದು ಶಾಸನ ಮಾಡಿತು. ಹೊದಿಕೆಗೂ ಮೇಲಂಗಿಗೂ ಟಾರ್ಟನ್ ಕೂಡದು. ಮೊದಲನೆಯ ತಪ್ಪಿಗೆ ಆರು ತಿಂಗಳ ಸೆರೆ. ಎರಡನೆಯದಕ್ಕೆ ಏಳು ವರ್ಷ ಕಡಲಾಚೆಗೆ ಗಡೀಪಾರು. ಹೆಂಗಸರು ಈ ಶಾಸನಕ್ಕೆ ಒಳಪಟ್ಟಿರಲಿಲ್ಲ. ಸರಕಾರದ ಸೈನ್ಯದಲ್ಲಿದ್ದವರಿಗೂ ವಿನಾಯಿತಿಯಿದ್ದಿತು. ಸ್ವಂತ ಊರಿನಲ್ಲಿ ಉಟ್ಟರೆ ಅಪರಾಧವಾಗುವ ಬಟ್ಟೆಯು ದೊರೆಗಾಗಿ ಕಾದುವವನಿಗೆ ಭೂಷಣವಾಯಿತು. ೧೭೮೨ರಲ್ಲಿ ಈ ಶಾಸನವನ್ನು ತೆಗೆದುಹಾಕಿದರು. ಅಷ್ಟರಲ್ಲಿ ಒಂದು ತಲೆಮಾರು ಕಳೆದು, ಮರದ ತುಂಡಿನ ಮೇಲೆ ಎಳೆಗಳನ್ನು ಎಣಿಸಿಡುತ್ತಿದ್ದವರಲ್ಲಿ ಅನೇಕರು ಕಾಲವಾಗಿದ್ದರು.

ಇಲ್ಲಿ ಕನ್ನಡ ನಾಡಿನ ಚರಿತ್ರೆಗೂ ಸಂಬಂಧಪಟ್ಟ ಸಂಗತಿಯೊಂದುಂಟು. ೧೭೮೦ನೆಯ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಹೈದರನ ಸೈನ್ಯವು ಕರ್ನಲ್ ಬೇಲಿಯ ದಳವನ್ನು ನಾಶಮಾಡಿ ಅಳಿದುಳಿದವರನ್ನು ಸೆರೆಹಿಡಿಯಿತಷ್ಟೆ. ಆ ದಳದಲ್ಲಿ ೭೩ನೆಯ ಹೈಲೆಂಡ್ ರೆಜಿಮೆಂಟಿನ ಸಿಪಾಯಿಗಳಿದ್ದರು. ಶ್ರೀರಂಗಪಟ್ಟಣದಲ್ಲಿ ೧೭೮೪ರವರೆಗೆ ಸೆರೆಯಲ್ಲಿದ್ದು, ೧೭೯೯ರಲ್ಲಿ ಅದೇ ಕೋಟೆಯ ಮೇಲೆ ಲಗ್ಗೆಯನ್ನು ನಡೆಸಿದ ಡೇವಿಡ್ ಬೇರ್ಡ್ ಆ ರೆಜಿಮೆಂಟಿನವನೇ. ಅದನ್ನು ಕೂಡಿಸಿದವನು ಮ್ಯಾಕ್ಲೌಡ್ ಪ್ರಭುವೆಂಬ ಬಿರುದಿನ ಜಾನ್ ಮೆಕೆಂಜಿ. ೧೭೪೫ರ ದಂಗೆಯಲ್ಲಿ ತಂದೆಯೊಡನೆ ಸೇರಿ ಸರಕಾರದ ವಿರುದ್ಧ ಕಾದಿದವನು. ಅವನ ಸಿಪಾಯಿಗಳು ಮೈಸೂರಿನ ಸೆರೆಯಲ್ಲಿದ್ದಾಗ ಅವರ ಅಣ್ಣತಮ್ಮಂದಿರಿಗೆ ಊರಿನಲ್ಲಿ ಟಾರ್ಟನ್ ಇನ್ನೂ ನಿಷಿದ್ಧವಾಗಿದ್ದಿತು. ಇನ್ನೊಂದು ಮಾತು. ನೀಲಿ, ಕಪ್ಪು, ಹಸುರುಗಳ ಸರಕಾರೀ ಟಾರ್ಟನಿನ ಮೇಲೆ ಬಿಳಿಯ ಮತ್ತು ಕೆಂಪು ಗೆರೆಗಳನ್ನು ಎಳೆದದ್ದೇ ಮೆಕೆಂಜಿಗಳು ಕೂಡಿಸಿದ ರೆಜಿಮೆಂಟುಗಳ ಬಟ್ಟೆ. ಇಂದು ಅದೇ ಮೆಕೆಂಜಿ ಕುಲದ ಟಾರ್ಟನ್. ಇಲ್ಲಿ ಬಟ್ಟೆಯು ಕುಲದಿಂದ ಸೈನ್ಯಕ್ಕೆ ಹೋದದ್ದಲ್ಲ. ಸೈನ್ಯದಿಂದ ಕುಲಕ್ಕೆ ಬಂದದ್ದು.

ಹಾಗಾದರೆ ಉಳಿದ ಹೆಸರುಗಳನ್ನು ಇಟ್ಟವರಾರು? ಸ್ಟರ್ಲಿಂಗ್ ನಗರದ ಬಳಿಯ ಬ್ಯಾನಕ್‌ಬರ್ನ್ ಎಂಬ ಬಯಲುಸೀಮೆಯ ಊರಿನಲ್ಲಿ ವಿಲ್ಸನ್ ಎಂಬ ನೇಕಾರ ವರ್ತಕರ ಮನೆತನವಿದ್ದಿತು. ಸೈನ್ಯಕ್ಕೆ ಟಾರ್ಟನನ್ನು ಒದಗಿಸಿ ಇವರು ಬೆಳೆದರು. ಕೆಲವು ಮಾದರಿಗಳನ್ನು ಮಲೆನಾಡಿನಿಂದಲೇ ತರಿಸಿಕೊಂಡರು; ಅನೇಕವನ್ನು ತಾವೇ ಕಲ್ಪಿಸಿದರು. ೧೮೧೯ರ ಅವರ ಮಾದರಿ ಪುಸ್ತಕದಲ್ಲಿ ಇನ್ನೂರಕ್ಕೆ ಮಿಕ್ಕ ಸೆಟ್ಟುಗಳ ಎಳೆಯೆಣಿಕೆಯುಂಟು. ಅವುಗಳಲ್ಲಿ ಕೆಲವಕ್ಕೆ ಸಂಖ್ಯೆ ಮಾತ್ರ. ಕೆಲವಕ್ಕೆ ಊರಿನ ಹೆಸರು. ಕೆಲವಕ್ಕೆ ಕುಲದ ಹೆಸರು. ಬೇಡಿಕೆಯು ಹೆಚ್ಚಿದಂತೆ ಸಂಖ್ಯೆಗಳು ಕುಲಗಳಾದುವು. ಮ್ಯಾಕ್‌ಫರ್ಸನ್ ಎಂದು ಹೆಸರಾದ ಒಂದು ಟಾರ್ಟನ್ ಮೊದಲು ಬರಿಯ ಸಂಖ್ಯೆ. ಬಳಿಕ ಕಿಡ್ ಎಂಬ ಗಿರಾಕಿಯ ಹೆಸರು. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿದ್ದ ತನ್ನ ಗುಲಾಮರಿಗೆ ಉಡಿಸುವುದಕ್ಕಾಗಿ ಆತನು ಅದನ್ನು ಕೊಂಡನೆಂದು ಟ್ರೆವರ್-ರೋಪರ್ ಬರೆದಿರುವನು. ಗುಲಾಮನ ಮೈಮೇಲಿದ್ದ ಬಟ್ಟೆಯು ಕೆಲವೇ ವರ್ಷಗಳಲ್ಲಿ ಕುಲನಾಯಕನ ಹೆಗಲೇರಿ ಪುರಾತನ ಗೌರವವೆನಿಸಿತು.

ಕುಲನಾಯಕರಿಗಾದರೂ ತಮ್ಮ ವಿನ್ಯಾಸವು ತಿಳಿದಿದ್ದಿತೇ? ಲಂಡನ್ನಿನ ಹೈಲೆಂಡ್ ಸೊಸೈಟಿಯು ೧೮೧೫ರಲ್ಲಿ, ತಮ್ಮ ತಮ್ಮ ಕುಲದ ಟಾರ್ಟನಿನ ತುಂಡನ್ನು ಮುದ್ರೆಯೊತ್ತಿ ಕಳುಹಿಸಬೇಕೆಂದು ನಾಯಕರನ್ನು ಕೇಳಿಕೊಂಡಿತು. ಮ್ಯಾಕ್‌ಡೊನಾಲ್ಡ್ ಪ್ರಭುವು ತನ್ನ ಕುಲದ ಟಾರ್ಟನ್ ಯಾವುದೆಂದು ತನಗೇ ತಿಳಿಯದೆಂದು ಉತ್ತರವಿತ್ತನು. ಆ ಸತ್ಯವಂತನಿಗೆ ನಮ್ಮ ನಮಸ್ಕಾರ. ಉಳಿದವರಲ್ಲಿ ಹಲವರು ವಿಲ್ಸನ್ನರ ಅಂಗಡಿಗೆ ಹೋದರು.

೧೮೨೨ರ ಆಗಸ್ಟಿನಲ್ಲಿ ನಾಲ್ಕನೆಯ ಜಾರ್ಜ್ ದೊರೆಯು ಎಡಿನ್‌ಬರೋ ನಗರಕ್ಕೆ ಬಂದನು. ಸ್ವಾಗತದ ಸೂತ್ರಧಾರನು ಕಾದಂಬರಿಕಾರನಾದ ಸರ್ ವಾಲ್ಟರ್ ಸ್ಕಾಟ್. ಕಲ್ಲೋಡನ್ನಿನಲ್ಲಿ ಮಲೆನಾಡಿನವರನ್ನು ಕತ್ತರಿಸಿದ ಕಂಬರ್ಲೆಂಡ್ ಡ್ಯೂಕನು ಈ ದೊರೆಯ ತಾತನ ತಮ್ಮ. ಈಗ ಮೊಮ್ಮಗನು ಕೆಂಪು ಟಾರ್ಟನಿನ ಉಡುಪಿನಲ್ಲಿ ಮೈಬಣ್ಣದ ಕಾಲುಡುಗೆಯನ್ನು ತೊಟ್ಟು ದರ್ಬಾರು ನಡೆಸಿದನು. ಮಗ್ಗಗಳಿಗೆ ಬಿಡುವಿಲ್ಲದಾಯಿತು. ಬಯಲುಸೀಮೆಯ ಮಹನೀಯರೂ ರಾತ್ರೋರಾತ್ರಿ ಮಲೆನಾಡಿನವರಾದರು.

ಇದು ಕೇವಲ ವಿನೋದವಾಗಿದ್ದರೆ ನಗಬಹುದಾಗಿತ್ತು. ಆದರೆ ಅದೇ ವರ್ಷಗಳಲ್ಲಿ ನಿಜವಾದ ಮಲೆನಾಡಿನವರ ಗತಿಯೇನಾಗಿದ್ದಿತೆಂಬುದನ್ನು ನೋಡಬೇಕು. ಸದರ್ಲೆಂಡ್ ಸೀಮೆಯ ಸ್ಟ್ರಾತ್‌ನೇವರ್ ಕಣಿವೆಯಿಂದ ೧೮೧೪ರಲ್ಲಿಯೂ ೧೮೧೯ರಲ್ಲಿಯೂ ಒಕ್ಕಲುಗಳನ್ನು ಹೊರಡಿಸಿ, ಗುಡಿಸಲುಗಳಿಗೆ ಬೆಂಕಿಯಿಟ್ಟು, ನೆಲವನ್ನು ಕುರಿಗಳಿಗೆ ಬಿಟ್ಟರು. ವಿಲ್ಸನ್ನರ ಮಾದರಿ ಪುಸ್ತಕದ ವರ್ಷವೂ ೧೮೧೯ ಎಂಬುದನ್ನು ವಾಚಕರು ಮರೆಯಬಾರದು. ನಿಜವಾದ ಹೈಲೆಂಡರರ ಸಂಘವೆಂಬುದನ್ನು ೧೮೧೫ರಲ್ಲಿ ಸ್ಥಾಪಿಸಿ, ಅಡಿಯಿಂದ ಮುಡಿಯವರೆಗೆ ಟಾರ್ಟನಿನಲ್ಲಿ ಮೆರೆಯುತ್ತಿದ್ದ ಗ್ಲೆನ್‌ಗ್ಯಾರಿಯ ನಾಯಕನು ತನ್ನ ಒಕ್ಕಲುಗಳನ್ನು ಭೂಮಿಯಿಂದ ಬಿಡಿಸಿದವರಲ್ಲೊಬ್ಬ. ಬಟ್ಟೆಯನ್ನು ಕುಲದ ಸ್ವತ್ತೆಂದರು. ನೆಲವನ್ನು ಮಾತ್ರ ನಾಯಕನ ಸ್ವತ್ತೆಂದರು. ಕುಲದ ಟಾರ್ಟನ್ ಅನಾದಿಯೆಂದು ನಂಬುವುದರಿಂದ ಆಗುವ ನಿಜವಾದ ಹಾನಿಯು ಇದೇ: ನೆಯ್ದವರೂ ಉಟ್ಟವರೂ ಕಳೆದುಕೊಂಡುದನ್ನು ಬಣ್ಣದ ಪರದೆಯು ಮರೆಮಾಡುತ್ತದೆ.

ಈ ಕಥೆಗೆ ಶಾಸ್ತ್ರದ ಮುದ್ರೆಯನ್ನೊತ್ತಿದವರು ಇಬ್ಬರು ಸಹೋದರರು. ತಾವು ಸ್ಟುವರ್ಟ್ ರಾಜಕುಮಾರನ ಮೊಮ್ಮಕ್ಕಳೆಂದು ಹೇಳಿಕೊಂಡು, ಸೋಬಿಯೆಸ್ಕಿ ಸ್ಟುವರ್ಟರೆಂದು ಹೆಸರಿಟ್ಟುಕೊಂಡ ಇವರು ೧೮೪೨ರಲ್ಲಿ ವೆಸ್ಟಿಯೇರಿಯಂ ಸ್ಕೋಟಿಕಂ ಎಂಬ ಭವ್ಯ ಗ್ರಂಥವನ್ನು ಅಚ್ಚುಮಾಡಿಸಿದರು. ಎಪ್ಪತ್ತೈದು ಟಾರ್ಟನ್ನುಗಳ ವರ್ಣಚಿತ್ರಗಳು. ಎಲ್ಲವೂ ಪ್ರಾಚೀನ ಹಸ್ತಪ್ರತಿಯಿಂದ ತೆಗೆದುವಂತೆ. ಅತಿ ಹಳೆಯದೆಂದು ಹೇಳಿದ ಆ ಪ್ರತಿಯು ಪರೀಕ್ಷಕರ ಕೈಗೆ ಬರಲೇ ಇಲ್ಲ. ಸ್ಕಾಟನೇ ೧೮೨೯ರಲ್ಲಿ ಅದನ್ನು ಸಂದೇಹಿಸಿದ್ದನು. ೧೯೮೦ರಲ್ಲಿ ಇಬ್ಬರು ವಿದ್ವಾಂಸರು ಅದು ಕೃತಕವೆಂಬುದನ್ನು ಸವಿಸ್ತಾರವಾಗಿ ತೋರಿಸಿಕೊಟ್ಟರು. ಆದರೂ ಅದರ ಅನೇಕ ವಿನ್ಯಾಸಗಳು ಇಂದಿಗೂ ಕುಲದ ಹೆಸರಿನಲ್ಲಿ ಮಾರಾಟವಾಗುತ್ತಿವೆ.

ಬಣ್ಣಗಳ ವಿಷಯದಲ್ಲಿಯೂ ಇದೇ ಪಾಡು. ಒಂದೇ ಸೆಟ್ಟನ್ನು ಅಂಗಡಿಯಲ್ಲಿ ಪ್ರಾಚೀನ, ಆಧುನಿಕ, ಮಾಸಿದ ಎಂಬ ಮೂರು ಬಗೆಯಲ್ಲಿ ತೋರಿಸುವರು. ಕೊಳ್ಳುವವನು ಇವು ಮೂರು ಕಾಲದ ಟಾರ್ಟನ್ನುಗಳೆಂದು ಭ್ರಮಿಸುವನು. ನಿಜವು ಬೇರೆ. ೧೮೫೬ರಲ್ಲಿ ಪರ್ಕಿನ್ ಎಂಬಾತನು ರಾಸಾಯನಿಕ ಬಣ್ಣವನ್ನು ಕಂಡುಹಿಡಿದ ಮೇಲೆ ಬಳಕೆಗೆ ಬಂದ ಗಾಢವಾದ ವರ್ಣಗಳಿಗೆ ಆಧುನಿಕವೆಂದು ಹೆಸರು. ಹಳೆಯ ಸಸ್ಯವರ್ಣಗಳನ್ನು ಅನುಕರಿಸಬೇಕೆಂದು ಇಪ್ಪತ್ತನೆಯ ಶತಮಾನದಲ್ಲಿ ಮಾಡಿದ ತಿಳಿಬಣ್ಣಗಳಿಗೆ ಪ್ರಾಚೀನವೆಂದು ಹೆಸರು. ಮಣ್ಣಿನಲ್ಲಿ ಹೂತಿದ್ದ ಬಟ್ಟೆಯ ಕಂದನ್ನು ಅನುಕರಿಸಿದ್ದು ಮಾಸಿದ ಬಗೆ. ಅದೂ ಅದೇ ಶತಮಾನದ್ದು. ಹೀಗೆ ಪ್ರಾಚೀನವು ಆಧುನಿಕಕ್ಕಿಂತ ಕಿರಿಯದು! ಹದಿನೆಂಟನೆಯ ಶತಮಾನದ ನಿಜವಾದ ತುಂಡುಗಳಲ್ಲಿ ಎಷ್ಟೋ ಇಂದಿಗೂ ಕಣ್ಣು ಕುಕ್ಕುವ ಕೆಂಪಿನವು. ಅವುಗಳನ್ನು ಪರೀಕ್ಷಿಸಿದಾಗ, ಅಮೇರಿಕದ ಕಳ್ಳಿಯ ಮೇಲೆ ಬೆಳೆಯುವ ಹುಳುವಿನ ಕೆಂಪೂ ಹೊರದೇಶದ ನೀಲಿಯೂ ಅವುಗಳಲ್ಲಿ ಕಂಡುಬಂದುವು. ಬೆಟ್ಟದ ಬಡವನು ಕಲ್ಲುಹೂವಿನಿಂದಲೂ ಮರದ ತೊಗಟೆಯಿಂದಲೂ ಬಣ್ಣ ಕಟ್ಟಿದ್ದುಂಟು. ಆದರೆ ಅನುಕೂಲವಿದ್ದವನು ಕಡಲಾಚೆಯ ಬಣ್ಣವನ್ನು ಕೊಂಡನು.

ಇಷ್ಟನ್ನೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪವು ಬರಬಹುದು: ಕೆನಡದಲ್ಲಿಯೋ ಆಸ್ಟ್ರೇಲಿಯದಲ್ಲಿಯೋ ಇರುವ, ಹೊರದೂಡಲ್ಪಟ್ಟ ಒಕ್ಕಲಿನ ಸಂತತಿಯವನು ತನ್ನ ಕುಲದ ಬಟ್ಟೆಯೆಂದು ಇದನ್ನು ಉಟ್ಟು ಮದುವೆಯಲ್ಲಿ ನಿಂತರೆ ಅವನ ಹೆಮ್ಮೆಯನ್ನು ಕೆಡಿಸುವುದು ಕ್ರೌರ್ಯವಲ್ಲವೇ? ಸಮಾಧಾನ: ನಾವು ಬಟ್ಟೆಯನ್ನು ಬಿಚ್ಚಿಹಾಕೆಂದು ಹೇಳುತ್ತಿಲ್ಲ. ಇನ್ನೂರು ವರ್ಷ ಜನರು ಪ್ರೀತಿಯಿಂದ ಉಟ್ಟದ್ದು ಈಗ ಅದರಿಂದಲೇ ಆಚಾರವಾಗಿದೆ. ಹೊಸದೆಂಬುದು ನಾಚಿಕೆಯ ಮಾತೂ ಅಲ್ಲ. ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟನು ೧೮೫೩ರಲ್ಲಿ ಬಾಲ್ಮೋರಲ್ ಟಾರ್ಟನನ್ನು ತಾನೇ ಕಲ್ಪಿಸಿದನು. ಅದರ ಕರ್ತೃವೂ ಕಾಲವೂ ಎಲ್ಲರಿಗೂ ತಿಳಿದಿವೆ. ಅದರಿಂದ ಅದರ ಮಾನವೇನೂ ಕುಂದಲಿಲ್ಲ. ೨೦೦೮ರ ಶಾಸನದಂತೆ ೨೦೦೯ರಲ್ಲಿ ಪ್ರಾರಂಭವಾದ ಸ್ಕಾಟ್ಲಂಡಿನ ಟಾರ್ಟನ್ ದಾಖಲೆಯಲ್ಲಿ ಹೊಸ ವಿನ್ಯಾಸವನ್ನು ಯಾರು ಬೇಕಾದರೂ ನಿಯಮದಂತೆ ಬರೆಯಿಸಬಹುದು. ಎಳೆಗಳ ಎಣಿಕೆಯೂ ತಿಳಿದಷ್ಟು ಕಾಲನಿರ್ದೇಶವೂ ಅಲ್ಲಿರುವುವು. ಮತ್ತೊಬ್ಬರ ಕುಲದ ಟಾರ್ಟನನ್ನು ಉಡಬಾರದೆಂಬ ಕಾನೂನು ಇಲ್ಲವೇ ಇಲ್ಲ. ನಾವು ಬೇಡುವುದಿಷ್ಟೇ: ಬಟ್ಟೆಯೊಂದಿಗೆ ಅದರ ಕಾಲವನ್ನೂ ಹೇಳಬೇಕು; ನಾಯಕನ ಹೆಸರಿನೊಂದಿಗೆ ನೇಕಾರನ ಪಾಲನ್ನೂ ಹೇಳಬೇಕು; ೧೮೨೨ರ ಮೆರವಣಿಗೆಯೊಂದಿಗೆ ೧೮೧೯ರ ಬೆಂಕಿಯನ್ನೂ ಹೇಳಬೇಕು.

ಹಳೆಯದೆಂದು ಯಾರಾದರೂ ಕೈಮುಗಿಯಹೇಳಿದಾಗಲೂ, ಸುಳ್ಳೆಂದು ಯಾರಾದರೂ ಎಸೆಯಹೇಳಿದಾಗಲೂ, ವಿದ್ಯಾವಂತನು ಮಾಡತಕ್ಕ ಕೆಲಸ ಒಂದೇ. ವಸ್ತುವೆಷ್ಟು ಹಳೆಯದು, ಅದಕ್ಕೆ ಹೆಸರಿಟ್ಟವರು ಯಾರು, ಹೆಸರಿನಿಂದ ಲಾಭ ಪಡೆದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಬೇಕು. ಟಾರ್ಟನಿನ ವಿಷಯದಲ್ಲಿ ಮೂರಕ್ಕೂ ಉತ್ತರವಿದೆ, ಮೂರೂ ಬೇರೆಬೇರೆ. ದ್ವೀಪದ ಒಬ್ಬ ಹೆಂಗಸು ಮರದ ತುಂಡಿನ ಮೇಲೆ ಎಳೆಗಳನ್ನು ಎಣಿಸಿ ಗುರುತಿಟ್ಟಳು. ಅವಳ ಹೆಸರು ಯಾವ ಟಾರ್ಟನಿಗೂ ಇಲ್ಲ. ಈ ಬಟ್ಟೆಯನ್ನು ಕುರಿತು ಮಕ್ಕಳಿಗೆ ಹೇಳುವವರು ಅವಳಿಂದ ಪ್ರಾರಂಭಿಸಿದರೆ ಉಳಿದದ್ದೆಲ್ಲವೂ ತನ್ನ ತನ್ನ ಸ್ಥಾನದಲ್ಲಿ ನಿಲ್ಲುವುದು.